ನಿವೃತ್ತ ಪಾದ್ರಿ ಊರನ್ನೇಕೆ ಬಿಡಬೇಕು?

ಜರ್ಮನಿಯ ದಕ್ಷಿಣ ಭಾಗದಲ್ಲಿ, ಸ್ಟಟ್‌ಗಾರ್ಟ್ ನಗರದಿಂದ ರೈಲಿನಲ್ಲಿ ಅರ್ಧ ಗಂಟೆಯ ದೂರದಲ್ಲಿರುವ ಒಂದು ಸಣ್ಣ ಊರಿನಲ್ಲಿ ನಾನು 14 ವರ್ಷಗಳಿಂದ ವಾಸವಾಗಿದ್ದೇನೆ. ಈ ಊರಿನ ಪ್ರಾಟೆಸ್ಟೆಂಟ್ ಸಭೆಯ ಪಾದ್ರಿಗಳು 23 ವರ್ಷಗಳ ಸೇವೆಯ ನಂತರ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿದ್ದಾರೆ. ವಯಸ್ಸಾದವರು ನಿವೃತ್ತರಾಗುವುದರಲ್ಲಿ ಸುದ್ದಿಯೇನೂ ಇಲ್ಲ. ಊರಿನಲ್ಲಿ ಎದ್ದಿರುವ ಚರ್ಚೆಯೇ ಬೇರೆ. ಅವರು ಹುದ್ದೆಯ ಜೊತೆಗೆ ಇಷ್ಟು ವರ್ಷ ವಾಸಿಸಿದ ಪಾದ್ರಿಮನೆಯನ್ನೂ ಬಿಡಬೇಕು. ಅದರ ಮೇಲೆ, ಊರನ್ನೇ ಬಿಟ್ಟು ದೂರದಲ್ಲಿ ನೆಲೆಸಲು ದಂಪತಿಗಳು ನಿರ್ಧರಿಸಿದ್ದಾರೆ. "ಇಷ್ಟು ಕಾಲ ನಮ್ಮೊಡನೆ ಇದ್ದವರು ಇನ್ನು ಮುಂದೆಯೂ ಇಲ್ಲಿಯೇ ಏಕಿರಬಾರದು?" ಎಂಬ ಪ್ರಶ್ನೆ ಬೇಕರಿಯ ಸಾಲಿನಲ್ಲಿಯೂ ಶಾಲೆಯ ಬಾಗಿಲಿನಲ್ಲಿಯೂ ಕೇಳಿಬರುತ್ತಿದೆ.

ಅವರು ಹೊರಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕರ್ನಾಟಕದಲ್ಲಿರುವ ಬಂಧುಗಳ ಮುಂದೆಯೂ, ಈ ದೇಶಕ್ಕೆ ಬರಲು ಸಿದ್ಧತೆ ನಡೆಸಿರುವ ತರುಣರ ಮುಂದೆಯೂ ಇಡಬೇಕೆನಿಸಿದೆ. ಹಳಬರು ಹೇಗೆ ಹೊರಡುತ್ತಾರೆ ಎಂಬುದರ ಮೇಲೆ ಹೊಸಬರಿಗೆ ಎಂತಹ ಸ್ಥಳ ದೊರೆಯುತ್ತದೆ ಎಂಬುದು ನಿಂತಿದೆ. ಪರದೇಶದಲ್ಲಿ ಬದುಕುವ ನಾವೆಲ್ಲರೂ ಒಂದು ಕಾಲದಲ್ಲಿ ಹೊಸಬರೇ.

ಜರ್ಮನಿಯ ಸಣ್ಣ ಊರಿನಲ್ಲಿ ಪಾದ್ರಿ ಎಂದರೆ ಭಾನುವಾರದ ಪ್ರಾರ್ಥನೆಯನ್ನು ನಡೆಸುವವರು ಮಾತ್ರವೆಂದು ತಿಳಿಯಬಾರದು. ಅವರು ವಾರಕ್ಕೆ ಕೆಲವು ಗಂಟೆಗಳ ಕಾಲ ಸರ್ಕಾರಿ ಶಾಲೆಯಲ್ಲಿ ಧರ್ಮಶಿಕ್ಷಣದ ಪಾಠ ಮಾಡುತ್ತಾರೆ, 14 ವರ್ಷದ ಆಸುಪಾಸಿನ ಮಕ್ಕಳನ್ನು ಕಾನ್ಫರ್ಮೇಶನ್‌ಗೆ ಸಿದ್ಧಪಡಿಸುತ್ತಾರೆ, ವೃದ್ಧಾಶ್ರಮಕ್ಕೆ ಹೋಗುತ್ತಾರೆ, ಮದುವೆ ಮಾಡಿಸುತ್ತಾರೆ, ಮಣ್ಣು ಮಾಡಿಸುತ್ತಾರೆ. ಊರಿನ ಶಿಶುವಿಹಾರ ಅನೇಕ ಕಡೆ ಚರ್ಚಿನ ಆಡಳಿತದಲ್ಲಿಯೇ ಇರುತ್ತದೆ. ಚರ್ಚಿನ ಪಕ್ಕದ ಪಾದ್ರಿಮನೆ ಈ ದೇಶದ ಸಾಂಸ್ಕೃತಿಕ ಚರಿತ್ರೆಯಲ್ಲಿ ತನ್ನದೇ ಸ್ಥಾನ ಪಡೆದಿದೆ. ತತ್ತ್ವಜ್ಞಾನಿ ನೀಚೆ ಪಾದ್ರಿಯ ಮಗ; 16 ವರ್ಷ ದೇಶವನ್ನಾಳಿದ ಆಂಗೆಲಾ ಮೆರ್ಕೆಲ್ ಪಾದ್ರಿಯ ಮಗಳು. ನಮ್ಮ ಹಳ್ಳಿಗಳಲ್ಲಿ ಒಂದು ಕಾಲದಲ್ಲಿ ಹೆಡ್‌ಮಾಸ್ತರರ ಮನೆಗೆ ಯಾವ ಸ್ಥಾನವಿತ್ತೋ ಅದಕ್ಕೆ ಇದನ್ನು ಹೋಲಿಸಬಹುದು. ಅರ್ಜಿ ಬರೆಸಿಕೊಳ್ಳುವವರು, ಜಗಳ ಬಿಡಿಸಿಕೊಳ್ಳುವವರು, ಸುಮ್ಮನೆ ದುಃಖ ಹೇಳಿಕೊಳ್ಳುವವರು ಎಲ್ಲರೂ ಬಂದು ತಟ್ಟುವ ಬಾಗಿಲು ಅದು.

ನಾನು ಕ್ರೈಸ್ತನಲ್ಲ. ಆದರೂ ಈ ಪಾದ್ರಿಗಳು ನನಗೆ ಹೊರಗಿನವರಾಗಿರಲಿಲ್ಲ. ನನ್ನ ಇಬ್ಬರು ಮಕ್ಕಳೂ ಚರ್ಚಿನ ಶಿಶುವಿಹಾರದಲ್ಲಿಯೇ ಜರ್ಮನ್ ಭಾಷೆಯನ್ನು ಕಲಿತರು. 2015ರಲ್ಲಿ ಸಿರಿಯಾದ ನಿರಾಶ್ರಿತರು ಈ ದೇಶಕ್ಕೆ ಬಂದಾಗ ಸಭೆಯ ಭವನದಲ್ಲಿ ಸಂಜೆಯ ಭಾಷಾ ತರಗತಿಗಳು ನಡೆದವು. ಅಲ್ಲಿ ಕುರ್ಚಿ ಜೋಡಿಸಲು ಹೋದವನು ನಾನು, ನಾಲ್ಕು ತಿಂಗಳಲ್ಲಿ ಗಣಿತ ಹೇಳಿಕೊಡುವವನಾದೆ. 2021ರ ಏಪ್ರಿಲಿನಲ್ಲಿ ಶಿವಮೊಗ್ಗದಲ್ಲಿ ನನ್ನ ತಾಯಿ ಕೋವಿಡ್‌ನಿಂದ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಮೂರನೆಯ ದಿನ ಪಾದ್ರಿಗಳು ನಮ್ಮ ಮನೆಯ ಅಂಗಳದಲ್ಲಿ ಮುಖಗವಸು ಹಾಕಿಕೊಂಡು ನಿಂತು, "ನಿಮ್ಮಲ್ಲಿ ಈಗ ಏನು ಮಾಡುವ ಪದ್ಧತಿ?" ಎಂದು ಕೇಳಿದರು. ತಮ್ಮ ಪ್ರಾರ್ಥನೆಯನ್ನು ಹೇಳಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಹನ್ನೆರಡನೆಯ ದಿನದ ವಿಧಿಯನ್ನು ನಾನು ವಿವರಿಸುತ್ತಿದ್ದಾಗ ಅವರು ಒಂದೊಂದಾಗಿ ಪ್ರಶ್ನೆ ಕೇಳುತ್ತ ಮುಕ್ಕಾಲು ಗಂಟೆ ನಿಂತಿದ್ದರು. ಆದ್ದರಿಂದ ಅವರು ಹೊರಟುಹೋಗುವುದು ಸರಿ ಎಂದು ಬರೆಯುವಾಗ, ಕಳೆದುಕೊಳ್ಳುವುದೇನೆಂದು ತಿಳಿದೇ ಬರೆಯುತ್ತಿದ್ದೇನೆ.

ಇಲ್ಲಿ ಪಾದ್ರಿಯ ನಿವೃತ್ತಿ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಬೇಕು. ಜರ್ಮನಿಯಲ್ಲಿ ಪಿಂಚಣಿಯ ವಯಸ್ಸು ಹಂತಹಂತವಾಗಿ ಏರುತ್ತಿದ್ದು, 1964ರಲ್ಲಿ ಮತ್ತು ಅನಂತರ ಹುಟ್ಟಿದವರಿಗೆ ಅದು 67 ವರ್ಷ. ಪ್ರಾಟೆಸ್ಟೆಂಟ್ ಪಾದ್ರಿಗಳಿಗೂ ಹೆಚ್ಚುಕಡಿಮೆ ಇದೇ ಕ್ರಮ. ಕ್ಯಾಥೊಲಿಕ್ ಪಾದ್ರಿಗಳು 75ನೆಯ ವಯಸ್ಸಿನಲ್ಲಿ ಬಿಷಪರಿಗೆ ರಾಜೀನಾಮೆ ಸಲ್ಲಿಸಬೇಕೆಂದು ಅವರ ಚರ್ಚಿನ ನಿಯಮ ಕೋರುತ್ತದೆ. ಪ್ರಾಟೆಸ್ಟೆಂಟ್ ಪಾದ್ರಿಯ ಕೊನೆಯ ಆರಾಧನೆಯಲ್ಲಿ ಪ್ರಾಂತದ ಹಿರಿಯ ಪಾದ್ರಿ ಬಂದು, ಎಲ್ಲರ ಎದುರಿನಲ್ಲಿ ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡುತ್ತಾರೆ. ಅದಕ್ಕೆ ಜರ್ಮನ್ ಭಾಷೆಯಲ್ಲಿ 'ಎಂಟ್‌ಪ್ಫ್ಲಿಖ್ಟುಂಗ್' ಎಂಬ ಹೆಸರು. ಹೊಣೆಯ ಗಂಟನ್ನು ಬಿಚ್ಚುವುದು ಎಂದು ಅದನ್ನು ಕನ್ನಡಿಸಬಹುದು. ಸನ್ಮಾನ, ಹಾರ, ಭಾಷಣಗಳು ಅನಂತರ ಸಭಾಭವನದಲ್ಲಿ ನಡೆಯುತ್ತವೆ. ಮುಖ್ಯವಾದದ್ದು ಆ ಬಿಚ್ಚುವ ಕ್ರಿಯೆ.

ಅದಾದ ಮೇಲೆ ಬೀಗದ ಕೈಗಳು, ಮೊಹರು, ದೀಕ್ಷಾಸ್ನಾನ ಮತ್ತು ಮದುವೆಗಳ ದಾಖಲೆ ಪುಸ್ತಕಗಳು ಹಸ್ತಾಂತರವಾಗುತ್ತವೆ. ಈ ಪ್ರಾಂತದಲ್ಲಿ ಇಂತಹ ಪುಸ್ತಕಗಳನ್ನು 16ನೆಯ ಶತಮಾನದಿಂದಲೂ ಇಡುತ್ತ ಬಂದಿದ್ದಾರೆ. ಕೆಲವೇ ತಿಂಗಳೊಳಗೆ ಪಾದ್ರಿಮನೆ ತೆರವಾಗಬೇಕು. ಮನೆ ಬಿಡುವುದು ನಿಯಮ. ಊರು ಬಿಡುವುದು ಕಟ್ಟುನಿಟ್ಟಿನ ಕಾನೂನಲ್ಲ, ಬಹುಮಂದಿ ಪಾಲಿಸುವ ಒಳ್ಳೆಯ ಸಂಪ್ರದಾಯ. ನಿವೃತ್ತರಾದವರು ಪಾದ್ರಿಯಾಗಿಯೇ ಉಳಿಯುತ್ತಾರೆ, ದೀಕ್ಷೆ ಹೋಗುವುದಿಲ್ಲ. ಆದರೆ ಹಿಂದಿನ ಊರಿನಲ್ಲಿ ಒಂದು ಶವಸಂಸ್ಕಾರವನ್ನು ನಡೆಸಬೇಕಾದರೂ ಈಗಿನ ಹೊಣೆಗಾರರ ಒಪ್ಪಿಗೆ ಬೇಕು. ಈ ಒಪ್ಪಿಗೆಗೆ ಲ್ಯಾಟಿನ್ನಿನಿಂದ ಬಂದ 'ದಿಮಿಸ್ಸೋರಿಯಾಲೆ' ಎಂಬ ಉದ್ದ ಹೆಸರಿದೆ. ಒಂದನ್ನು ಮಾತ್ರ ಅವರು ಯಾರಿಗೂ ಹಸ್ತಾಂತರಿಸುವಂತಿಲ್ಲ: ಜನರು ನಂಬಿ ಹೇಳಿಕೊಂಡ ಗುಟ್ಟುಗಳು. ಅವುಗಳ ಗೋಪ್ಯತೆಯನ್ನು ದೇಶದ ಕಾನೂನೂ ರಕ್ಷಿಸುತ್ತದೆ. ಇಪ್ಪತ್ತಮೂರು ವರ್ಷಗಳ ಊರಿನ ಕಣ್ಣೀರು ಅವರೊಡನೆಯೇ ಊರು ಬಿಡುತ್ತದೆ.

ಈ ಕ್ರಮ ನಮ್ಮವರ ಕಿವಿಗೆ ನಿರ್ದಯವೆನಿಸುವುದು ಸಹಜ. ಜೀವಮಾನವನ್ನೆಲ್ಲ ಸವೆಸಿದ ಹಿರಿಯರನ್ನು ಮನೆ ಖಾಲಿ ಮಾಡಿಸಿ ಕಳುಹಿಸುವುದೇ? ನಿಷ್ಠುರವೆನಿಸುವುದು ಇಲ್ಲಿಯವರಿಗೂ ಹೌದು. ನಮ್ಮ ಪಕ್ಕದ ಮನೆಯಲ್ಲಿ 86 ವರ್ಷದ ವಿಧವೆಯೊಬ್ಬರಿದ್ದಾರೆ. ಅವರ ಪತಿಯ ಅಂತ್ಯಕ್ರಿಯೆಯನ್ನು, ಅದಕ್ಕೂ ಮೊದಲು ಅಪಘಾತದಲ್ಲಿ ತೀರಿಹೋದ ಮಗನ ಅಂತ್ಯಕ್ರಿಯೆಯನ್ನು ನಡೆಸಿದವರು ಇದೇ ಪಾದ್ರಿಗಳು. ತಮ್ಮದನ್ನೂ ಅವರೇ ನಡೆಸಬೇಕೆಂಬುದು ಆಕೆಯ ಒಂದೇ ಆಸೆ. "ಹೊಸಬರು ನನ್ನ ಬದುಕನ್ನು ಒಂದು ಕಾಗದದಿಂದ ಓದುತ್ತಾರೆ" ಎಂದು ಆಕೆ ಬೇಲಿಯ ಆಚೆಯಿಂದ ನನ್ನೊಡನೆ ಹೇಳಿದರು. ಆ ಮಾತಿನಲ್ಲಿ ಕೋಪವಿತ್ತು, ಭಯವೂ ಇತ್ತು. ಪಾದ್ರಿಗಳು ಆಕೆಗೆ ಆಗುವುದಿಲ್ಲವೆಂದೇ ಹೇಳಿದ್ದಾರೆ. ಆದರೆ ಹೊಸಬರು ಬಂದ ಮೇಲೆ ಒಮ್ಮೆ ತಾವೂ ಜೊತೆಗೂಡಿ ಆಕೆಯ ಮನೆಯಲ್ಲಿ ಕಾಫಿ ಕುಡಿಯುವುದಾಗಿ ಮಾತು ಕೊಟ್ಟಿದ್ದಾರೆ.

ಈ ನಿರಾಕರಣೆ ಕಠಿಣವಾದರೂ ನ್ಯಾಯವಾದದ್ದು. ಒಬ್ಬರ ಅಂತ್ಯಕ್ರಿಯೆಗೆ ಬಂದವರು ಇನ್ನೊಬ್ಬರದಕ್ಕೆ ಬರಲಾರೆ ಎನ್ನುವುದು ಹೇಗೆ? ಹತ್ತು ಮನೆಯವರು ಕರೆಯುತ್ತಾರೆ. ಒಂಬತ್ತು ಮನೆಗೆ ಹೋಗಿ ಹತ್ತನೆಯದಕ್ಕೆ ಹೋಗದಿದ್ದರೆ ಆ ಮನೆಯವರು ಅದನ್ನು ಜೀವಮಾನವಿಡೀ ನೆನಪಿಡುತ್ತಾರೆ. ಎಲ್ಲದಕ್ಕೂ ಹೋದರೆ ಹೊಸ ಪಾದ್ರಿಗೆ ಉಳಿಯುವುದು ಭಾನುವಾರದ ಪ್ರವಚನ ಮತ್ತು ಕಚೇರಿಯ ಕಾಗದಗಳು ಮಾತ್ರ. ಪಾದ್ರಿಯೊಬ್ಬರು ಊರಿನವರಾಗುವುದು ಪ್ರವಚನದಿಂದಲ್ಲ; ಸಾವಿನ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಸತ್ತವರ ಕಥೆಯನ್ನು ಕೇಳುವುದರಿಂದ. ಆ ಕುರ್ಚಿಯಲ್ಲಿ ಹಳಬರೇ ಕುಳಿತಿದ್ದರೆ ಹೊಸಬರು ಎಂದೆಂದಿಗೂ ಹೊಸಬರಾಗಿಯೇ ಉಳಿಯುತ್ತಾರೆ. ವಿಧವೆಯ ಬದುಕನ್ನು ಹೊಸಬರು ಕಾಗದದಿಂದ ಓದಬಾರದೆಂದರೆ, ಆಕೆ ಜೀವಂತವಾಗಿರುವಾಗಲೇ ಆ ಅಡುಗೆಕೋಣೆಗೆ ಅವರು ಹೋಗಬೇಕು. ಆ ಕಾಫಿಯ ಮಾತಿನ ಅರ್ಥ ಅದೇ ಎಂದು ನಾನು ತಿಳಿದಿದ್ದೇನೆ.

ಎರಡನೆಯ ಕಾರಣ ಸಭೆಯ ಆರೋಗ್ಯಕ್ಕೆ ಸಂಬಂಧಿಸಿದ್ದು. ಇಲ್ಲಿಯ ಸಭೆಗೆ ಆರು ವರ್ಷಗಳಿಗೊಮ್ಮೆ ಸದಸ್ಯರ ಮತದಿಂದ ಹಿರಿಯರ ಮಂಡಳಿ ಆಯ್ಕೆಯಾಗುತ್ತದೆ. ಹೆಸರಿಗೆ ಅಧಿಕಾರ ಈ ಮಂಡಳಿಗೂ ಇದೆ. ಆದರೆ ಎಲ್ಲರಿಗೂ ಬೇಕಾದ ಪಾದ್ರಿಯೊಬ್ಬರು ಎರಡು ದಶಕ ಇದ್ದಾಗ ಎಲ್ಲ ನಿರ್ಧಾರಗಳೂ ಮೆಲ್ಲನೆ ಅವರ ಮುಖವನ್ನೇ ನೋಡತೊಡಗುತ್ತವೆ. ಅವರು ಕೆಟ್ಟವರಾದ್ದರಿಂದ ಹೀಗಾಗುವುದಿಲ್ಲ, ಒಳ್ಳೆಯವರಾದ್ದರಿಂದಲೇ ಆಗುತ್ತದೆ. ಕೆಟ್ಟ ನಾಯಕನನ್ನು ಜನರು ಎದುರಿಸಿ ತಮ್ಮ ಬುದ್ಧಿಯನ್ನು ಹರಿತವಾಗಿಟ್ಟುಕೊಳ್ಳುತ್ತಾರೆ. ಒಳ್ಳೆಯ ನಾಯಕನ ನೆರಳಿನಲ್ಲಿ ನಿದ್ರಿಸುತ್ತಾರೆ. ಹೊಸಬರು ಬರುವವರೆಗಿನ ಖಾಲಿ ಅವಧಿಯಲ್ಲಿ ಪಕ್ಕದ ಊರಿನ ಪಾದ್ರಿ ಅಗತ್ಯ ಕಾರ್ಯಗಳನ್ನು ಮಾತ್ರ ನೋಡಿಕೊಳ್ಳುತ್ತಾರೆ. ಉಳಿದದ್ದನ್ನು ಸಭೆಯೇ ಮಾಡಿಕೊಳ್ಳಬೇಕು. ತಾನು ಒಬ್ಬ ವ್ಯಕ್ತಿಯ ಸುತ್ತ ಸೇರಿದ ಗುಂಪೋ, ನಿಜವಾಗಿ ಸಭೆಯೋ ಎಂಬುದು ಅದಕ್ಕೆ ತಿಳಿಯುವುದು ಆಗಲೇ.

ಮೂರನೆಯದು ನಿವೃತ್ತರಾಗುವ ಮನುಷ್ಯನ ಹಿತ. ಇಪ್ಪತ್ತಮೂರು ವರ್ಷ ಈ ದಂಪತಿಗಳು ಬಾಗಿಲಿನ ಗಂಟೆಗೆ ಕಿವಿಗೊಟ್ಟು ಬದುಕಿದ್ದಾರೆ. ಪಾದ್ರಿಯ ಪತ್ನಿ ಸ್ವತಃ ದುಡಿಯುವವರು; ಆದರೂ ಊರು ಅವರನ್ನು ಪಾದ್ರಿಯ ಹೆಂಡತಿಯೆಂದೇ ಗುರುತಿಸಿತು. ರಸ್ತೆಯಲ್ಲಿ ನಡೆದರೆ ಪ್ರತಿ ಮನೆಯೂ ಒಂದು ಕರ್ತವ್ಯವನ್ನು ನೆನಪಿಸುವ ಊರಿನಲ್ಲಿ ವಿಶ್ರಾಂತಿ ಸಾಧ್ಯವೇ? ಊರು ಬಿಟ್ಟಾಗಲೇ ಅವರು ಮತ್ತೆ ಸಾಮಾನ್ಯ ಮನುಷ್ಯರಾಗಬಲ್ಲರು.

ಇಷ್ಟನ್ನೂ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಬಿಡುಗಡೆ ಸಾಧ್ಯವಾಗಿರುವುದು ತ್ಯಾಗಬುದ್ಧಿಯಿಂದ ಮಾತ್ರವಲ್ಲ. ಇಲ್ಲಿಯ ಪ್ರಾಟೆಸ್ಟೆಂಟ್ ಪಾದ್ರಿಗಳ ವೇತನ ಮತ್ತು ಪಿಂಚಣಿ ಸರ್ಕಾರಿ ಹೈಸ್ಕೂಲಿನ ಉಪಾಧ್ಯಾಯರದಕ್ಕೆ ಹತ್ತಿರವಾಗಿದೆ. ಅದರ ಹಿಂದೆ ಚರ್ಚ್ ತೆರಿಗೆ ಎಂಬ ವ್ಯವಸ್ಥೆಯಿದೆ. ಸಭೆಯ ಸದಸ್ಯರಾಗಿ ನೋಂದಾಯಿತರಾದವರ ಆದಾಯ ತೆರಿಗೆಯ ಮೇಲೆ ಬಾಡೆನ್-ವ್ಯುರ್ಟೆಂಬೆರ್ಗ್ ಮತ್ತು ಬವೇರಿಯಾ ರಾಜ್ಯಗಳಲ್ಲಿ 8%, ಉಳಿದ ರಾಜ್ಯಗಳಲ್ಲಿ 9% ಹೆಚ್ಚುವರಿ ವಸೂಲಾಗುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಬರುವ ಕ್ರೈಸ್ತ ತರುಣರು ಇದನ್ನು ತಿಳಿದಿರುವುದು ಒಳ್ಳೆಯದು. ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮದ ಕಲಮು ಇರುತ್ತದೆ. ಅಲ್ಲಿ ಬರೆದದ್ದು ಸಂಬಳದ ಚೀಟಿಯಲ್ಲಿ ಕಾಣಿಸುತ್ತದೆ. ಈ ತೆರಿಗೆಯನ್ನು ಮೆಚ್ಚುವವರೂ ಇದ್ದಾರೆ, ದೂರುವವರೂ ಇದ್ದಾರೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ನಾಳೆಯ ಊಟಕ್ಕೆ ಊರಿನ ದಾಕ್ಷಿಣ್ಯವನ್ನು ಕಾಯಬೇಕಾದ ಮನುಷ್ಯ ಊರನ್ನು ಗೌರವದಿಂದ ಬಿಡಲಾರ. ಪಿಂಚಣಿ ಇದ್ದವನು ಬಿಡಬಲ್ಲ.

ಅಷ್ಟಾದರೂ ಕಷ್ಟವಿಲ್ಲದಿಲ್ಲ. ಮೂವತ್ತೆಂಟು ವರ್ಷ ಒಂದಲ್ಲ ಒಂದು ಪಾದ್ರಿಮನೆಯಲ್ಲಿಯೇ ಬದುಕಿದ ಈ ದಂಪತಿಗಳಿಗೆ ಸ್ವಂತ ಮನೆಯಿಲ್ಲ. ಕ್ವಾರ್ಟರ್ಸ್‌ನಲ್ಲಿಯೇ ಆಯುಷ್ಯ ಕಳೆದ ನಮ್ಮ ರೈಲ್ವೆ ನೌಕರರಿಗೆ ಈ ಸ್ಥಿತಿ ಚೆನ್ನಾಗಿ ಗೊತ್ತು. ಸ್ಟಟ್‌ಗಾರ್ಟಿನ ಸುತ್ತಮುತ್ತ ಮನೆಗಳ ಬೆಲೆ ಕೈಗೆಟುಕುವಂತಿಲ್ಲವಾದ್ದರಿಂದ ಬೆಟ್ಟಸಾಲಿನ ಆಚೆ ಒಂದು ಚಿಕ್ಕ ಬಾಡಿಗೆ ಮನೆಯನ್ನು ಹಿಡಿದಿದ್ದಾರೆ. ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ಸಭಾಭವನದ ಮೇಜುಗಳ ಮೇಲಿಟ್ಟು ಬೇಕಾದವರು ಒಯ್ಯಿರೆಂದಿದ್ದಾರೆ.

ಅಧಿಕಾರವನ್ನು ಕಾಲ ನೋಡಿ ಬಿಟ್ಟುಕೊಡುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಉಡುಪಿಯ ಪರ್ಯಾಯವನ್ನು ನೆನೆಯಬೇಕು. 16ನೆಯ ಶತಮಾನದಲ್ಲಿ ವಾದಿರಾಜರು ರೂಪಿಸಿದ ಎರಡು ವರ್ಷಗಳ ಸರದಿಯಂತೆ ಕೃಷ್ಣಮಠದ ಪೂಜಾಧಿಕಾರ ಎಂಟು ಮಠಗಳ ನಡುವೆ ತಿರುಗುತ್ತದೆ. ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಅಕ್ಷಯಪಾತ್ರೆ, ಸಟ್ಟುಗ ಮತ್ತು ಬೀಗದ ಕೈಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ಎಷ್ಟೇ ವೈಭವದಿಂದ ಪರ್ಯಾಯ ನಡೆಸಿದವರಾದರೂ ಆ ಬೆಳಗಿನ ಜಾವ ಸಟ್ಟುಗವನ್ನು ಕೊಡಲೇಬೇಕು. ವ್ಯಕ್ತಿಯ ಯೋಗ್ಯತೆಯನ್ನು ಅಳೆಯುವ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ, ದಿನಾಂಕ ನಿರ್ಧರಿಸುತ್ತದೆ. ಆದ್ದರಿಂದಲೇ ಕೊಡುವವರಿಗೆ ಅವಮಾನವಿಲ್ಲ, ಪಡೆಯುವವರಿಗೆ ಸಂಕೋಚವಿಲ್ಲ.

ಹೀಗಿದ್ದರೂ ಪರದೇಶಗಳಲ್ಲಿ ನಾವು ಕಟ್ಟಿಕೊಂಡ ಸಂಸ್ಥೆಗಳಲ್ಲಿ ಈ ಬುದ್ಧಿ ಕಡಿಮೆ. ಕನ್ನಡ ಸಂಘಗಳನ್ನೇ ನೋಡಿ. ಜರ್ಮನಿಯಲ್ಲಿ ಸಂಘವನ್ನು ನೋಂದಾಯಿಸಲು ಕನಿಷ್ಠ 7 ಸದಸ್ಯರು ಸಾಕು. ನಿಯಮಾವಳಿ ಬರೆದು, ಕಾರ್ಯಕಾರಿಣಿಯನ್ನು ಆರಿಸಿದರೆ ಆಯಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿರುತ್ತದೆ. ಆದರೆ ಬ್ಯಾಂಕ್ ಖಾತೆಯ ಗುಟ್ಟು, ಸಭಾಂಗಣದವರ ಪರಿಚಯ, ರಾಜ್ಯೋತ್ಸವದ ಅಡುಗೆಯವರ ದೂರವಾಣಿ ಸಂಖ್ಯೆ ಎಲ್ಲವೂ ಸ್ಥಾಪಕರಾದ ಒಂದೆರಡು ಕುಟುಂಬಗಳ ಕೈಯಲ್ಲಿಯೇ ಉಳಿದಿರುತ್ತವೆ. ಅವರ ದುಡಿಮೆಯಿಂದಲೇ ಸಂಘ ನಿಂತಿತು ಎಂಬುದು ನಿಜ. ಅವರು ಬೇರೆ ದೇಶಕ್ಕೆ ಹೊರಟ ದಿನ ಅದು ಕುಸಿಯುತ್ತದೆ ಎಂಬುದೂ ಅಷ್ಟೇ ನಿಜ. ಹೊಸದಾಗಿ ಬಂದ ಹುಡುಗನೊಬ್ಬ ಸಲಹೆ ಕೊಟ್ಟರೆ "ನಾವು ಹಿಂದೆ ಹೀಗೆಯೇ ಮಾಡುತ್ತಿದ್ದೆವು" ಎಂಬ ಉತ್ತರ ದೊರೆಯುತ್ತದೆ. ಎರಡನೆಯ ವರ್ಷ ಅವನು ಬರುವುದಿಲ್ಲ. ಅಧ್ಯಕ್ಷಾವಧಿಗೆ ಮಿತಿ ಹಾಕುವುದು, ಹೊರಹೋಗುವವರು ಹಸ್ತಾಂತರದ ಕಡತವನ್ನು ಬರೆದಿಡುವುದು, ಅನಂತರ ಒಂದು ಅವಧಿಯಾದರೂ ಸಮಿತಿಯ ಸಭೆಗಳಿಗೆ ಬಾರದಿರುವುದು ಎಂಬ ಮೂರು ನಿಯಮಗಳನ್ನು ನಮ್ಮ ಸಂಘಗಳೆಲ್ಲವೂ ಬರೆದುಕೊಳ್ಳಲೆಂದು ನಾನು ಆಶಿಸುತ್ತೇನೆ.

ದೇವಸ್ಥಾನಗಳ ಮಾತು ಇನ್ನೂ ಗಂಭೀರವಾದದ್ದು. ಅಮೆರಿಕ, ಯುರೋಪುಗಳ ದೇವಾಲಯಗಳಿಗೆ ಕರ್ನಾಟಕದಿಂದಲೂ ಅರ್ಚಕರು ಹೋಗುತ್ತಾರೆ. ಅಮೆರಿಕದ ಆರ್-1 ಧಾರ್ಮಿಕ ವೀಸಾಕ್ಕೆ ಒಟ್ಟು 5 ವರ್ಷಗಳ ಮಿತಿಯಿದೆ. ಅಷ್ಟರೊಳಗೆ ಶಾಶ್ವತ ವಾಸದ ಅನುಮತಿ ದೊರೆಯದಿದ್ದರೆ ದೇಶ ಬಿಡಬೇಕು. ಅರ್ಚಕರು ಅನೇಕ ಕಡೆ ದೇವಸ್ಥಾನ ಕೊಟ್ಟ ಕೋಣೆಯಲ್ಲಿಯೇ ವಾಸಿಸುತ್ತಾರೆ. ನಮ್ಮ ಗೃಹಪ್ರವೇಶ, ಸತ್ಯನಾರಾಯಣ ಪೂಜೆಗಳಿಗೆ ಅವರನ್ನು ಕರೆಯುತ್ತೇವೆ, ಕಾಲಿಗೆ ನಮಸ್ಕರಿಸುತ್ತೇವೆ. ಅರುವತ್ತು ದಾಟಿದ ಮೇಲೆ ಅವರು ಎಲ್ಲಿರುತ್ತಾರೆ, ಔಷಧಿಗೆ ಹಣ ಎಲ್ಲಿಂದ ಬರುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕಲಶೋತ್ಸವಕ್ಕೆ ಹಣ ಕೂಡಿಸುವ ಆಡಳಿತ ಮಂಡಳಿಗಳು ಅರ್ಚಕರ ಪಿಂಚಣಿಯನ್ನೂ ವಾರ್ಷಿಕ ಲೆಕ್ಕದಲ್ಲಿ ಒಂದು ಸಾಲಾಗಿ ತೋರಿಸಬೇಕು. ಅದಿಲ್ಲದ ಭಕ್ತಿಯಲ್ಲಿ ಏನೋ ಕೊರತೆಯಿದೆ.

ಆದ್ದರಿಂದ ಅರ್ಚಕರಾಗಿ ಹೊರಡುವ ತರುಣರಿಗೂ, ಅವರ ತಂದೆತಾಯಿಯರಿಗೂ ಒಂದು ಕಿವಿಮಾತು. ಲಿಖಿತ ಒಪ್ಪಂದವಿಲ್ಲದೆ ವಿಮಾನ ಹತ್ತಬೇಡಿ. ವೇತನ ಎಷ್ಟು, ವಾರದ ರಜೆ ಯಾವಾಗ, ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ, ಕೆಲಸ ಬಿಟ್ಟ ಮೇಲೆ ಕೋಣೆಯನ್ನು ಎಷ್ಟು ದಿನದಲ್ಲಿ ತೆರವು ಮಾಡಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಇತರ ಉದ್ಯೋಗಗಳಿಗೆ ಬರುವವರೂ ಪಿಂಚಣಿಯನ್ನು ಮುದುಕರ ವಿಷಯವೆಂದು ಬದಿಗಿಡಬಾರದು. ಜರ್ಮನಿಯ ಸಾರ್ವಜನಿಕ ಪಿಂಚಣಿಗೆ ಅರ್ಹರಾಗಲು ಕನಿಷ್ಠ 5 ವರ್ಷಗಳ ಕಂತು ಬೇಕು. ಭಾರತ ಮತ್ತು ಜರ್ಮನಿಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅದರಂತೆ ಎರಡೂ ದೇಶಗಳ ವಿಮಾ ಅವಧಿಗಳನ್ನು ಅರ್ಹತೆಗಾಗಿ ಒಟ್ಟುಗೂಡಿಸಬಹುದು. ಹೊರಡುವ ಮುನ್ನ ಭವಿಷ್ಯನಿಧಿಯ ಕಾಗದಗಳನ್ನು ಜೋಪಾನವಾಗಿಟ್ಟುಕೊಳ್ಳಿ.

ಈ ಊರಿನ ಕಥೆಗೆ ಇನ್ನೊಂದು ಮುಖವಿದೆ. ಹೊರಡುತ್ತಿರುವ ಪಾದ್ರಿಗಳ ಸ್ಥಾನಕ್ಕೆ ಪೂರ್ಣಾವಧಿಯ ಪಾದ್ರಿ ಬರುವುದಿಲ್ಲ. ಹುದ್ದೆ ಅರ್ಧವಾಗಲಿದೆ, ಉಳಿದರ್ಧವನ್ನು ಪಕ್ಕದ ಸಭೆಯೊಡನೆ ಹಂಚಿಕೊಳ್ಳಬೇಕು. 2022ರಲ್ಲಿ ಪ್ರಾಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಎರಡೂ ಚರ್ಚುಗಳ ಸದಸ್ಯರು ಒಟ್ಟಾಗಿ ಜರ್ಮನಿಯ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದರು. ಆ ಒಂದೇ ವರ್ಷ 5 ಲಕ್ಷಕ್ಕೂ ಹೆಚ್ಚು ಜನ ಕ್ಯಾಥೊಲಿಕ್ ಚರ್ಚನ್ನು ತೊರೆದರು. ಸದಸ್ಯರು ಕಡಿಮೆಯಾಗುವುದರ ಜೊತೆಗೆ ಮಹಾಯುದ್ಧದ ನಂತರದ ದಶಕಗಳಲ್ಲಿ ಹುಟ್ಟಿದ ದೊಡ್ಡ ಪೀಳಿಗೆಯ ಪಾದ್ರಿಗಳೂ ಒಟ್ಟೊಟ್ಟಿಗೆ ನಿವೃತ್ತರಾಗುತ್ತಿದ್ದಾರೆ. ಈ ಪ್ರಾಂತದ ಚರ್ಚು 2030ರವರೆಗಿನ ಯೋಜನೆಯೊಂದನ್ನು ಮಾಡಿಕೊಂಡು ಹುದ್ದೆಗಳನ್ನು ಕಡಿಮೆ ಮಾಡುತ್ತಿದೆ. ಕ್ಯಾಥೊಲಿಕ್ ಸಭೆಗಳಲ್ಲಿಯಂತೂ ಭಾರತದಿಂದ ಬಂದ ನೂರಾರು ಪಾದ್ರಿಗಳು ಸೇವೆ ಸಲ್ಲಿಸುತ್ತಿದ್ದಾರೆ.

ಚರಿತ್ರೆಯನ್ನು ಬಲ್ಲ ಕನ್ನಡಿಗರಿಗೆ ಇದು ದಾರಿ ತಿರುಗಿದಂತೆ ತೋರುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ಸೀಮೆಯ ಬ್ರಾಕೆನ್‌ಹೈಮ್ ಎಂಬಲ್ಲಿ. 1860ರಲ್ಲಿ ಅವರು ಭಾರತವನ್ನು ಬಿಟ್ಟುಬಂದು, 1881ರಲ್ಲಿ ಸ್ಟಟ್‌ಗಾರ್ಟಿನ ಪಕ್ಕದ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಫರ್ಡಿನಂಡ್ ಕಿಟ್ಟೆಲ್ 1892ರಲ್ಲಿ ಕೊನೆಯ ಬಾರಿಗೆ ಕನ್ನಡನಾಡನ್ನು ಬಿಟ್ಟು ಟ್ಯೂಬಿಂಗೆನ್‌ನಲ್ಲಿ ನೆಲೆಸಿದರು. ಅವರ ನಿಘಂಟು 1894ರಲ್ಲಿ, ವ್ಯಾಕರಣ 1903ರಲ್ಲಿ ಪ್ರಕಟವಾದವು; ಆ ವರ್ಷವೇ ಅವರು ನಿಧನರಾದರು. ಅವರು ಕನ್ನಡನಾಡನ್ನು ಬಿಟ್ಟರು, ಕನ್ನಡವನ್ನು ಬಿಡಲಿಲ್ಲ. ಊರು ಬಿಟ್ಟವರ ಪ್ರೀತಿ ಊರಿನಲ್ಲಿದ್ದವರದಕ್ಕಿಂತ ಕಡಿಮೆಯೆಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅವರು ಬಿಟ್ಟುಬಂದ ಸಭೆಗಳ ಕಥೆಯೂ ಗಮನಾರ್ಹ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ಹೊರಗೆ ಕಳುಹಿಸಿತು. ಸಭೆಗಳು ಅಳಿಯಲಿಲ್ಲ; ಸ್ಥಳೀಯ ಪಾದ್ರಿಗಳು ಅವುಗಳನ್ನು ನಡೆಸಿಕೊಂಡು ಬಂದರು. ಕಟ್ಟಿದವರಿಲ್ಲದೆಯೂ ನಿಲ್ಲುವಂತೆ ಕಟ್ಟಿದ್ದರೆ ಮಾತ್ರ ಅದು ಕಟ್ಟಡ.

ಪಾದ್ರಿಗಳ ವಿಷಯದಲ್ಲಿ ನಡೆಯುತ್ತಿರುವುದೇ ಇಲ್ಲಿಯ ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿಯೂ ನಡೆಯುತ್ತಿದೆ. 2020ರ ಮಾರ್ಚಿನಿಂದ ಜಾರಿಗೆ ಬಂದ ಕುಶಲ ಕೆಲಸಗಾರರ ವಲಸೆ ಕಾಯ್ದೆಯೂ, 2024ರ ಜೂನ್‌ನಲ್ಲಿ ಆರಂಭವಾದ ಅವಕಾಶ ಕಾರ್ಡೂ ನಮ್ಮ ಮೇಲಿನ ಮಮತೆಯಿಂದ ಹುಟ್ಟಿದವಲ್ಲ. ಒಂದು ಪೀಳಿಗೆ ಕುರ್ಚಿಯಿಂದ ಏಳುತ್ತಿದೆ. ಕುಳಿತುಕೊಳ್ಳಲು ಜನ ಸಾಲದು. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಜರ್ಮನ್ ಭಾಷೆಯ ತರಗತಿಗೆ ಹೋಗುತ್ತಿರುವ ನರ್ಸ್, ಇಂಜಿನಿಯರ್, ಅಡುಗೆಯವರೆಲ್ಲರ ವೀಸಾದ ಹಿಂದೆ ಇಲ್ಲಿಯ ಯಾರದೋ ಒಂದು ನಿವೃತ್ತಿಯಿದೆ. ಮೊದಲ ದಿನ ಕೆಲಸಕ್ಕೆ ಹೋದಾಗ, ಮೂವತ್ತು ವರ್ಷ ಆ ಮೇಜಿನಲ್ಲಿ ಕುಳಿತಿದ್ದವರ ಹೆಸರು ಎಲ್ಲರ ಬಾಯಲ್ಲಿಯೂ ಇರುತ್ತದೆ. ಅದನ್ನು ಅವಮಾನವೆಂದು ಭಾವಿಸಬೇಡಿ. ಅವರ ವಿಷಯವನ್ನು ಕೇಳಿ ತಿಳಿದುಕೊಳ್ಳಿ, ಅವರು ಬರೆದಿಟ್ಟ ಟಿಪ್ಪಣಿಗಳನ್ನು ಓದಿ. ಆಮೇಲೆ ನಿಮ್ಮ ರೀತಿಯಲ್ಲಿ ಕೆಲಸ ಮಾಡಿ.

ಕರ್ನಾಟಕದಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾದದ್ದು ಹೆಚ್ಚಿಲ್ಲ. ಮಗನನ್ನೋ ಮಗಳನ್ನೋ ವಿಮಾನ ನಿಲ್ದಾಣದವರೆಗೆ ಕಳುಹಿಸಿ, ಅವರ ಬದುಕನ್ನು ಅವರ ಕೈಗೆ ಬಿಟ್ಟು ಮನೆಗೆ ಮರಳಿದ ತಂದೆತಾಯಿಯರಿಗೆ ಬಿಟ್ಟುಕೊಡುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಪ್ರತಿ ದಿನ ಕರೆ ಮಾಡಿ ಅಡುಗೆಯಿಂದ ಹಿಡಿದು ಸೊಸೆಯ ಉಡುಗೆಯವರೆಗೆ ನಿರ್ದೇಶಿಸದೆ, ಕೇಳಿದಾಗ ಮಾತ್ರ ಸಲಹೆ ಕೊಡುವ ತಂದೆತಾಯಿಯರು ಈ ಪಾದ್ರಿಗಳ ನಡತೆಯನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು.

ಹೊಸ ಪಾದ್ರಿ ಮೂವತ್ತನಾಲ್ಕು ವರ್ಷದ ಮಹಿಳೆಯೆಂದೂ, ಅರ್ಧಾವಧಿಗೆ ಬರುವರೆಂದೂ ಹಿರಿಯರ ಮಂಡಳಿ ತಿಳಿಸಿದೆ. ಆಕೆ ಹಳಬರಂತೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಊರು ಆಕೆಯನ್ನು ಹೋಲಿಸಿ ನೋಡುತ್ತದೆ, ಕೆಲವು ತಿಂಗಳು ಗೊಣಗುತ್ತದೆ. ಆ ಗೊಣಗಾಟ ಹೋಗಿ ತಲುಪಲು ಹಳೆಯ ಪಾದ್ರಿಗಳ ಬಾಗಿಲು ಪಕ್ಕದ ಬೀದಿಯಲ್ಲಿ ಇರುವುದಿಲ್ಲ ಎಂಬುದೇ ಆಕೆಗೆ ಅವರು ಬಿಟ್ಟುಹೋಗುತ್ತಿರುವ ದೊಡ್ಡ ಉಪಕಾರ. ಈ ಊರಿಗೆ ಹೊರಗಿನಿಂದ ಬಂದವನಾಗಿ ಆ ಉಪಕಾರದ ಬೆಲೆ ನನಗೆ ಗೊತ್ತು. ಆಕೆ ಬಂದ ಮೊದಲ ವಾರವೇ ಹೋಗಿ ಪರಿಚಯ ಮಾಡಿಕೊಳ್ಳುವವರಲ್ಲಿ ನಮ್ಮ ಮನೆಯವರೂ ಇರುತ್ತೇವೆ.